ಮಿಡಿ ಬಂದಿದೆ

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಅತ್ತೆ ಸಾಗರದ ಪೋಸ್ಟಾಫೀಸಿನಿಂದ 50 ಪೈಸೆ ಕಾರ್ಡುಗಳ ಕಟ್ಟು ತರಿಸುತ್ತಿದ್ದರು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ತೊಡೆಯ ಮೇಲೆ ಮಣೆ ಇಟ್ಟುಕೊಂಡು, ದಿನಕ್ಕೆ ಹದಿನೈದಿಪ್ಪತ್ತು ಕಾರ್ಡು ಬರೆಯುತ್ತಿದ್ದರು. ಎಲ್ಲದರಲ್ಲೂ ಮೊದಲ ಸಾಲು ಒಂದೇ: ‘ಮಿಡಿ ಬಂದಿದೆ.’ ಎರಡನೆಯ ಸಾಲಿನಿಂದ ಮಾತು ಮನೆಗೊಂದು ರೀತಿ. ಮಗಳ ಬಾಣಂತನ ಸುಸೂತ್ರವಾಯಿತೇ, ಮಂಡಿನೋವು ಹೇಗಿದೆ, ಹೋದ ಸಲ ಉಪ್ಪು ಜಾಸ್ತಿಯಾಗಿತ್ತು ಅಂದಿದ್ದಿರಿ, ಈ ಸಲ ನೋಡಿ ಹಾಕಿದ್ದೇನೆ. ಕೊನೆಯಲ್ಲಿ ಸಹಿ, ಊರು, ಅಂಚೆ, ತಾಲ್ಲೂಕು.

ಆ ಕಾರ್ಡುಗಳಿಗೆಲ್ಲ ಮೂಲ ಒಂದು ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ರಟ್ಟಿನದು. ಪುಟಕ್ಕೆ ನಾಲ್ಕು ಮನೆ. ವಿಳಾಸದ ಎಡಕ್ಕೆ, ಅಂಚಿನ ಗೆರೆಯಾಚೆ, ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಮಾತು. ಖಾರ ಕಮ್ಮಿ. ಇಂಗು ಬೇಡ. ಜೀರಿಗೆ ಮಿಡಿಯೇ ಆಗಬೇಕು. ದುಡ್ಡು ದೀಪಾವಳಿಗೆ. ಕೆಲವು ಹೆಸರಿನ ಪಕ್ಕದಲ್ಲಿ ‘ಈ ವರ್ಷ ಬೇಡ’ ಎಂದಿತ್ತು. ಸೊಸೆಯಾಗಿ ಬಂದ ಹೊಸದರಲ್ಲಿ, ಆ ಮನೆಯವರೇ ಬೇಡವೆಂದು ತಿಳಿಸಿದ್ದಾರೆ ಅಂದುಕೊಂಡಿದ್ದೆ. ಒಂದು ದಿನ ಕೇಳಿದೆ. "ಅವರ ಮನೆ ಯಜಮಾನರು ಹೋದರು. ವರ್ಷಾಂತಿಕ ಆಗುವ ತನಕ ಆ ಮನೆಗೆ ಉಪ್ಪಿನಕಾಯಿ ತಗೊಳ್ಳಿ ಅಂತ ಬರೀಬಾರದು" ಅಂದರು. ಬೇಡ ಎಂದು ಬರೆದುಕೊಂಡವರು ಅತ್ತೆಯೇ.

ಅಪ್ಪೆಮಿಡಿಯ ವಿಷಯ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಇದು ತೋಟದಲ್ಲಿ ಸಾಲಾಗಿ ನೆಟ್ಟು ಬೆಳೆಸಿಕೊಂಡು ಬಂದ ಮಾವಲ್ಲ. ಶರಾವತಿ, ವರದಾ, ಅಘನಾಶಿನಿಯ ದಂಡೆಗಳಲ್ಲಿ, ಹಳ್ಳದ ಬದಿಗಳಲ್ಲಿ ತಾನಾಗಿ ಎದ್ದ ಮರಗಳು. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ತೊಟ್ಟು ಮುರಿದರೆ ಚಿಮ್ಮುವ ಸೊನೆಯಲ್ಲಿ ಜೀರಿಗೆಯ ವಾಸನೆ ಬಂದರೆ ಅದು ಜೀರಿಗೆ ಮಿಡಿ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಎಂದು ಮನುಷ್ಯರ, ಊರುಗಳ ಹೆಸರು ಹೊತ್ತ ತಳಿಗಳೂ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎಷ್ಟೋ ಮರಗಳು ಊರುಗಳ ಜೊತೆಗೇ ನೀರಿಗೆ ಹೋದವು. ಉಳಿದವುಗಳಲ್ಲಿ ಒಂದು ವರ್ಷ ಫಸಲು ಬಂದ ಮರ ಮರುವರ್ಷ ಸುಮ್ಮನಿರುವುದುಂಟು. ಮರ ಹತ್ತಿ, ತೊಟ್ಟು ಬಿಡದಂತೆ ಕೊಯ್ದು, ನೆಲಕ್ಕೆ ಬೀಳಿಸದೆ ಹಗ್ಗದಲ್ಲಿ ಇಳಿಸಬೇಕು. ಪೆಟ್ಟು ಬಿದ್ದ ಮಿಡಿ ಭರಣಿಯಲ್ಲಿ ಉಳಿಯುವುದಿಲ್ಲ. ಕೊಯ್ಲು ಕೆಲವೇ ವಾರಗಳದ್ದು. ಹಾಗಾಗಿ ‘ಮಿಡಿ ಬಂದಿದೆ’ ಎಂಬುದು ನಮ್ಮಲ್ಲಿ ಸುದ್ದಿ. ಆ ಸುದ್ದಿ ಹೋಗಬೇಕಾದ ಮನೆಗೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಆ ಮನೆಯಲ್ಲಿ ಒಂದು ವರ್ಷ ಮೊಸರನ್ನದ ಪಕ್ಕ ಮಿಡಿ ಇರುವುದಿಲ್ಲ.

ಅತ್ತೆ ತೀರಿಕೊಂಡು ಎಂಟು ವರ್ಷವಾಯಿತು. ಈಗ ಉಪ್ಪಿನಕಾಯಿ ಹಾಕುವುದು, ಮಾರುವುದು ಎರಡೂ ನಾನು ಮತ್ತು ನನ್ನ ಓರಗಿತ್ತಿ. ಭರಣಿ, ಖಾರ, ಸಾಸಿವೆ ಅವರ ಪಾಲು. ಪತ್ರ, ಲೆಕ್ಕ, ಪಾರ್ಸೆಲ್ ನನ್ನ ಪಾಲು. ಪುಸ್ತಕದಲ್ಲಿದ್ದ ಇನ್ನೂರು ಚಿಲ್ಲರೆ ಮನೆ ಈಗ 1,140 ಆಗಿದೆ. ಅಪ್ಪ ಅಮ್ಮನ ವಿಳಾಸವಿದ್ದ ಕಡೆ ಮಕ್ಕಳ ಇ-ಮೇಲ್ ಬಂದಿದೆ. ಮಲ್ಲೇಶ್ವರದ ಮನೆಯೊಂದರ ಒಂದು ಕವಲು ಜರ್ಮನಿಗೆ, ಇನ್ನೊಂದು ಅಮೆರಿಕಕ್ಕೆ ಹೋಗಿದೆ. ಇಷ್ಟು ಜನಕ್ಕೆ ಕಾರ್ಡು ಬರೆಯಲು ನನ್ನ ಕೈಗೆ ಆಗದು.

ಮೊದಲು ವಾಟ್ಸಾಪ್‌ನಲ್ಲಿ ಪ್ರಯತ್ನಿಸಿದೆವು. ಅಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಹೆಸರಿನ ಮಿತಿ. ಅದೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ವರ್ಷಕ್ಕೊಮ್ಮೆ ಉಪ್ಪಿನಕಾಯಿ ತರಿಸುವವರು ನಮ್ಮ ನಂಬರನ್ನು ಉಳಿಸಿಕೊಂಡಿರಬೇಕೆಂದು ಬಯಸುವುದು ಹೇಗೆ? ಕಳಿಸಿದ ಸುದ್ದಿ ಎಷ್ಟೋ ಮನೆಗೆ ಹೋಗಲೇ ಇಲ್ಲ. ಮಳೆಗಾಲ ಹಿಡಿದ ಮೇಲೆ ಫೋನು ಮಾಡಿ, "ಈ ವರ್ಷ ನಮ್ಮನ್ನ ಮರೆತೇಬಿಟ್ಟಿರಾ" ಎಂದು ಕೇಳಿದವರಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಮರುವರ್ಷ ನನ್ನ ಜಿಮೇಲ್‌ನಿಂದಲೇ ಕಳಿಸಲು ಕೂತೆ. ಆಗ ಮಾಡಿದ ತಪ್ಪನ್ನು ಹೇಳಲೇಬೇಕು. ಮೊದಲ ಕಂತಿನ 80 ವಿಳಾಸಗಳನ್ನು ‘ಗೆ’ ಎಂಬ ಜಾಗದಲ್ಲೇ ಸಾಲಾಗಿ ತುಂಬಿ ಕಳಿಸಿಬಿಟ್ಟೆ. ಎಂಬತ್ತು ಜನರ ವಿಳಾಸ ಎಂಬತ್ತು ಜನರ ಕಣ್ಣಿಗೂ ಬಿತ್ತು. ಸಂಜೆಯೊಳಗೆ ಒಬ್ಬರು ಹಿರಿಯರು ಬರೆದರು. ನಾನು ಈ ವಿಳಾಸವನ್ನು ನಿಮ್ಮ ಅತ್ತೆಯವರಿಗೆ ಕೊಟ್ಟದ್ದು, ಇವರೆಲ್ಲರಿಗೆ ಕೊಟ್ಟದ್ದಲ್ಲ ಎಂದು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಎಂಬತ್ತು ಜನಕ್ಕೂ ಬೇರೆ ಬೇರೆಯಾಗಿ ಕ್ಷಮೆ ಕೇಳಿ ಬರೆದೆ. ಅತ್ತೆಯ ಪುಸ್ತಕ ಯಾಕೆ ಯಾವಾಗಲೂ ದೇವರ ಗೂಡಿನ ಕೆಳಗಿನ ಪೆಟ್ಟಿಗೆಯಲ್ಲಿರುತ್ತಿತ್ತು ಎಂಬುದು ಅಂದು ಅರ್ಥವಾಯಿತು. ಅದರಲ್ಲಿದ್ದ ಒಂದೊಂದು ವಿಳಾಸವೂ ಒಂದೊಂದು ಮನೆಯವರು ನಂಬಿ ಕೊಟ್ಟದ್ದು.

ಒಟ್ಟಾಗಿ ಪತ್ರ ಕಳಿಸಲೆಂದೇ ಇರುವ ಸೇವೆಗಳಿವೆ, ಅವುಗಳಲ್ಲಿ ಒಂದನ್ನು ಹಿಡಿ ಎಂದು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು ಹೇಳಿದಳು. ಜಿಮೇಲ್‌ನ ಸಾಮಾನ್ಯ ಖಾತೆಯಿಂದ ದಿನಕ್ಕೆ 500 ಜನಕ್ಕಿಂತ ಹೆಚ್ಚು ಮಂದಿಗೆ ಕಳಿಸಲು ಬರುವುದಿಲ್ಲ, ಬೇಡ ಎಂದವರ ಹೆಸರನ್ನು ಅದು ತಾನಾಗಿ ತೆಗೆಯುವುದೂ ಇಲ್ಲ ಎಂದಳು. ಅವಳು ಹೇಳಿದ ಹೆಸರುಗಳನ್ನು ಅತ್ತೆಯ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆದುಕೊಂಡೆ. ಅಮೆರಿಕದ ಅಟ್ಲಾಂಟಾದಲ್ಲಿ 2001ರಲ್ಲಿ ಶುರುವಾಗಿ, 2021ರಲ್ಲಿ ಸುಮಾರು 1,200 ಕೋಟಿ ಡಾಲರಿಗೆ ಇಂಟ್ಯೂಟ್ ಕಂಪನಿಯ ಕೈಸೇರಿದ ಮೇಲ್‌ಚಿಂಪ್. ಸೆಂಡಿನ್‌ಬ್ಲೂ ಎಂದಿದ್ದು 2023ರಲ್ಲಿ ಹೆಸರು ಬದಲಿಸಿಕೊಂಡ ಪ್ಯಾರಿಸ್ಸಿನ ಬ್ರೆವೋ. ಲಿಥುವೇನಿಯಾದ ಮೇಲರ್‌ಲೈಟ್. ನಮ್ಮ ಪಕ್ಕದ ಚೆನ್ನೈನ ಜೋಹೋ ಕ್ಯಾಂಪೇನ್ಸ್. ಇಷ್ಟು ದೊಡ್ಡ ಅಂಗಡಿಗಳು ಸಾಗರ ತಾಲ್ಲೂಕಿನ ಎರಡು ಹೆಂಗಸರ ಭರಣಿಗೂ ಬಾಗಿಲು ತೆರೆದಿವೆ ಎಂಬುದೇ ನನಗೆ ಆಶ್ಚರ್ಯದ ಸಂಗತಿ, ಸಂತೋಷದ್ದೂ ಹೌದು.

ಆ ವಾರವಿಡೀ ದರಪಟ್ಟಿ ಓದಿದೆ. ಓದುತ್ತ ಹೋದಂತೆ, ಇವುಗಳ ಲೆಕ್ಕ ಎರಡು ತೆರನದ್ದು ಎಂಬುದು ಹೊಳೆಯಿತು. ಕೆಲವರು ಪಟ್ಟಿಯಲ್ಲಿ ಎಷ್ಟು ಹೆಸರಿದೆ ಎಂದು ನೋಡಿ ತಿಂಗಳು ತಿಂಗಳು ಹಣ ಕೇಳುತ್ತಾರೆ. ಇನ್ನು ಕೆಲವರು ಎಷ್ಟು ಪತ್ರ ಹೋಯಿತು ಎಂದು ಎಣಿಸುತ್ತಾರೆ. ವಾರವಾರ ಬರೆಯುವ ಬಟ್ಟೆ ಅಂಗಡಿಯವರಿಗೆ ಮೊದಲನೆಯದು ಸರಿಹೋದೀತು. ನಮ್ಮದು ವರ್ಷಕ್ಕೆ ಮೂರೇ ಪತ್ರ: ಮಿಡಿ ಬಂದಾಗ ಒಂದು, ಉಪ್ಪಿನಕಾಯಿ ಹದಕ್ಕೆ ಬಂದಾಗ ಒಂದು, ದೀಪಾವಳಿಗೆ ಮುಂಚೆ ಉಳಿದದ್ದೆಷ್ಟು ಎಂದು ತಿಳಿಸಲು ಒಂದು. ಹೆಸರಿನ ಲೆಕ್ಕಕ್ಕೆ ಹೋದರೆ, ಭರಣಿ ಕತ್ತಲಲ್ಲಿ ಸುಮ್ಮನೆ ಕೂತಿರುವ ಒಂಬತ್ತು ತಿಂಗಳಿಗೂ ಬಾಡಿಗೆ ಕಟ್ಟಬೇಕು. ಒಂದು ಕಡೆಯಂತೂ, ‘ಇನ್ನು ಬೇಡ’ ಎಂದು ಬಿಟ್ಟುಹೋದವರ ಹೆಸರನ್ನೂ ನಾವಾಗಿ ತೆಗೆದಿಡುವ ತನಕ ಎಣಿಕೆಯಲ್ಲಿ ಸೇರಿಸುತ್ತಾರೆ. ಹೋದವರಿಗೂ ಎಲೆ ಹಾಕಿ ದುಡ್ಡು ಕೇಳಿದಂತೆ ಕಂಡಿತು ನನಗೆ. ಸಣ್ಣ ವ್ಯಾಪಾರ ಮಾಡುವವರಿಗೆ ಮೊದಲು ಹೇಳುವ ಮಾತಿದೆ: ತಿಂಗಳಿಗೆಷ್ಟು ಎಂದು ಕೇಳುವ ಮೊದಲು, ನಿಮ್ಮ ವರ್ಷದಲ್ಲಿ ಎಷ್ಟು ಪತ್ರವಿದೆ ಎಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿ. ಡಾಲರಿನಲ್ಲಿ ಕಟ್ಟಬೇಕೋ ರೂಪಾಯಿಯಲ್ಲೋ ಎಂಬುದನ್ನೂ ನೋಡಿಕೊಳ್ಳಿ. 2021ರ ಅಕ್ಟೋಬರಿನಿಂದ, ಕಾರ್ಡಿನಿಂದ ತಾನಾಗಿ ಹಣ ಮುರಿದುಕೊಳ್ಳುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿದೆ. ವಿದೇಶದ ಸೇವೆಗೆ ತಿಂಗಳ ಕಂತು ನಡುವೆ ನಿಂತುಹೋಗುವ ಸಾಧ್ಯತೆ ಇದ್ದೇ ಇದೆ. ಮಿಡಿ ಬಂದ ವಾರವೇ ಖಾತೆ ಮುಚ್ಚಿಕೊಂಡರೆ ಮಾಡುವುದೇನು?

ಓರಗಿತ್ತಿ ಕಂಪ್ಯೂಟರ್ ಮುಟ್ಟುವವರಲ್ಲ. ಆದರೆ ನಾನು ಒಂದೊಂದು ಸೇವೆಯನ್ನೂ ತೆರೆದು ತೋರಿಸುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಂದು ಸಲ ಕೇಳಿದರು:

"ಇದರೊಳಗೆ ನಮ್ಮವರ ಹೆಸರೆಲ್ಲ ಹಾಕ್ತೀಯಲ್ಲ, ನಾಳೆ ಇದು ಬೇಡ ಅನ್ನಿಸಿದ್ರೆ ವಾಪಸ್ ತಗೊಂಡು ಬರೋದು ಹೆಂಗೆ?"

"ತರಬಹುದಂತೆ ಅಕ್ಕಾ."

"ಅಂತೆ ಬೇಡ. ತಂದು ತೋರಿಸು."

ನನ್ನ ಆಯ್ಕೆಯ ದಾರಿಯೇ ಅಲ್ಲಿಂದ ತಿರುಗಿತು. ಅಲ್ಲಿಯ ತನಕ ಒಳಗೆ ಹೋಗುವ ಬಾಗಿಲಿನ ಅಂದ ನೋಡುತ್ತಿದ್ದೆ: ಬಣ್ಣದ ಮಾದರಿಗಳು, ಚಿತ್ರಗಳು, ಮೊದಲ ತಿಂಗಳು ಉಚಿತ. ಈಗ ಹೊರಗೆ ಬರುವ ಬಾಗಿಲನ್ನು ನೋಡತೊಡಗಿದೆ. ಪ್ರತಿ ಸೇವೆಯಲ್ಲೂ ನಮ್ಮ ಮನೆಯವರದ್ದೇ ಹತ್ತು ವಿಳಾಸ ಹಾಕಿದೆ. ಪ್ರತಿ ಹೆಸರಿಗೂ ‘ಖಾರ ಕಮ್ಮಿ’ಯಂಥ ಒಂದು ಗುರುತು ಹಚ್ಚಿದೆ. ಆಮೇಲೆ ಪಟ್ಟಿಯನ್ನು ಹೊರಗೆ ಇಳಿಸಿಕೊಂಡು, ಗುರುತುಗಳು ಹೆಸರಿನ ಜೊತೆಗೇ ಬಂದವೇ ಎಂದು ನೋಡಿದೆ. ಬೇಡ ಎಂದವರ ಪಟ್ಟಿಯೂ ಬೇರೆಯಾಗಿ ಬರುತ್ತದೆಯೇ ಎಂದು ನೋಡಿದೆ. ಅದು ಬರದಿದ್ದರೆ ಹೊಸ ಜಾಗಕ್ಕೆ ಹೋದಾಗ ಬಿಟ್ಟುಹೋದವರಿಗೆ ಗೊತ್ತಿಲ್ಲದೆ ಮತ್ತೆ ಬರೆದುಬಿಡುತ್ತೇವೆ. ಕೊನೆಗೆ ಖಾತೆಯನ್ನೇ ಅಳಿಸಲು ಹೋದೆ. ಒಂದು ಕಡೆ ಎರಡು ಸಲ ಒತ್ತಿದ್ದಕ್ಕೆ ಮುಗಿಯಿತು. ಇನ್ನೊಂದು ಕಡೆ ಅಳಿಸುವ ಗುಂಡಿ ಹುಡುಕಲು ಮುಕ್ಕಾಲು ಗಂಟೆ ಬೇಕಾಯಿತು. ಆ ಸೇವೆಯ ಮೇಲೆ ಹಾಳೆಯಲ್ಲಿ ಗೆರೆ ಎಳೆದೆ.

ನಮಗೆ ಬೇಕಾದ ಬಾಗಿಲು ಗಿರಾಕಿಗೂ ಬೇಕಲ್ಲವೇ. 2023ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಮಗಳು ಓದಿ ಹೇಳಿದಳು. ಅದರಲ್ಲಿ ನನಗೆ ತುಂಬ ಹಿಡಿಸಿದ ಮಾತು ಎರಡು. ಒಪ್ಪಿಗೆಯನ್ನು ಕೊಡುವುದು ಎಷ್ಟು ಸುಲಭವಾಗಿತ್ತೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು, ಎಂದರೆ ಕನ್ನಡದಲ್ಲೂ. ಜರ್ಮನಿಯಲ್ಲಿರುವ ನಮ್ಮ ಹದಿನೇಳು ಮನೆಗಳಿಗೆ ಅನ್ವಯಿಸುವ, 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಕಾನೂನಿನಲ್ಲೂ ಮೊದಲನೆಯ ಮಾತು ಇದೆ. ಅಮೆರಿಕದ 2003ರ ಕಾನೂನು, ವ್ಯಾಪಾರದ ಪ್ರತಿ ಪತ್ರದಲ್ಲೂ ಕಳಿಸಿದವರ ಅಂಚೆ ವಿಳಾಸವಿರಬೇಕು ಎನ್ನುತ್ತದೆ. ಮನೆಯಿಂದಲೇ ವ್ಯಾಪಾರ ಮಾಡುವ ಕೆಲವರಿಗೆ ಇದು ಅಳುಕಿನ ವಿಷಯ, ಅದು ನ್ಯಾಯವೇ. ನನಗೆ ಮಾತ್ರ ಖುಷಿಯಾಯಿತು. ಪತ್ರದ ಕೊನೆಗೆ ಊರು, ಅಂಚೆ, ತಾಲ್ಲೂಕು ಬರೆದೆ, ಅತ್ತೆಯ ಕಾರ್ಡಿನಲ್ಲಿದ್ದಂತೆಯೇ.

ಈ ನಡುವೆ ಬೆಂಗಳೂರಿನ ಒಂದು ಮೇಳದಲ್ಲಿ ಒಬ್ಬರು ನಮ್ಮ ಮಳಿಗೆಗೆ ಬಂದು, ಐವತ್ತು ಸಾವಿರ ಜನರ ಇ-ಮೇಲ್ ವಿಳಾಸವಿರುವ ಪಟ್ಟಿಯೊಂದನ್ನು ಕಡಿಮೆ ದುಡ್ಡಿಗೆ ಕೊಡುತ್ತೇನೆ ಎಂದರು. ಆ ಐವತ್ತು ಸಾವಿರ ಜನರಲ್ಲಿ ಒಬ್ಬರೂ ನಮಗೆ ಬರೆಯಿರಿ ಎಂದವರಲ್ಲ. ಹೀಗೆ ಕೇಳದವರಿಗೆ ಬರೆಯುವುದು ಹಳೆಯ ಚಾಳಿ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್, ತಮ್ಮ ಹೊಸ ಯಂತ್ರಗಳ ಪ್ರದರ್ಶನಕ್ಕೆ ಬನ್ನಿ ಎಂದು ಇಂದಿನ ಇಂಟರ್ನೆಟ್ಟಿಗೆ ಮೂಲವಾದ ಆರ್ಪಾನೆಟ್ ಜಾಲದ ಸುಮಾರು 400 ವಿಳಾಸಗಳಿಗೆ, ಯಾರೂ ಕೇಳದೆಯೇ ಒಂದು ಪತ್ರ ಕಳಿಸಿದರು. ಬೇಡದ ಪತ್ರಗಳ ಕಥೆ ಅಲ್ಲಿಂದ ಶುರು ಎನ್ನುತ್ತಾರೆ. ಅವರಿಗೆ ಬೈಗುಳವೂ ಬಂತು, ವ್ಯಾಪಾರವೂ ಆಯಿತು. ವ್ಯಾಪಾರವಾಯಿತಲ್ಲ ಎಂಬ ಒಂದೇ ಕಾರಣಕ್ಕೆ ಇಂದಿಗೂ ಅದು ನಿಂತಿಲ್ಲ. ಪಟ್ಟಿ ಮಾರಲು ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಬೇಡ ಎಂದು ಕಳಿಸಿಕೊಟ್ಟೆವು.

ಕೊಂಡ ಪಟ್ಟಿ ಯಾಕೆ ಬೇಡ ಎಂಬುದಕ್ಕೆ ಮನೆತನದ ಕಾರಣದ ಜೊತೆಗೆ ಯಂತ್ರದ ಕಾರಣವೂ ಇದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಒಟ್ಟಾಗಿ ಹೊಸ ನಿಯಮ ತಂದಿವೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿಗೆ ಬಿಡುವ ದಾರಿ ಇಡಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು, ‘ಇದು ಸ್ಪ್ಯಾಮ್’ ಎಂಬ ದೂರು ಶೇಕಡಾ 0.3ಕ್ಕೆ ಮುಟ್ಟದಂತೆ ನೋಡಿಕೊಳ್ಳಬೇಕು. ಸಾವಿರಕ್ಕೆ ಮೂರು! ನಾವು 5,000ದ ಹತ್ತಿರವೂ ಇಲ್ಲ, ಆದರೂ ನಮ್ಮ ಪತ್ರವನ್ನು ತೂಗುವ ತಕ್ಕಡಿ ಅದೇ. ನಮ್ಮ 1,140 ಮನೆಗಳಲ್ಲಿ ನಾಲ್ಕೇ ಮನೆ ಬೇಸರಪಟ್ಟು ಆ ಗುಂಡಿ ಒತ್ತಿದರೆ ಉಳಿದವರಿಗೆ ಹೋಗುವ ಪತ್ರದ ದಾರಿಯೂ ಕೆಡಬಹುದು. ಬಿಡುವ ಬಾಗಿಲು ಸಿಗದೆ ಹೋದವರು ದೂರಿನ ಗುಂಡಿ ಒತ್ತುತ್ತಾರೆ. ಹಾಗಾಗಿ ಆ ಬಾಗಿಲನ್ನು ಪತ್ರದ ತುದಿಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಅಡಗಿಸದೆ, ಓದುವ ಅಕ್ಷರದಷ್ಟೇ ದೊಡ್ಡದಾಗಿ ಬರೆದೆ: ‘ನಮ್ಮ ಪತ್ರ ಇನ್ನು ಬೇಡವಾದರೆ ಇಲ್ಲಿ ಒತ್ತಿ. ಬೇಸರವಿಲ್ಲ.’

ಹೆಸರು ನೋಂದಾಯಿಸುವ ಕೆಲಸದಲ್ಲಿ ಮಗಳ ಸಹಾಯ ಬೇಕಾಯಿತು. ನನ್ನ ಜಿಮೇಲ್ ವಿಳಾಸದ ಹೆಸರಿನಲ್ಲಿ ಇನ್ನೊಂದು ಸೇವೆಯ ಮೂಲಕ ಕಳಿಸಿದರೆ, ಕಳಿಸಿದವರು ಯಾರೆಂದು ಸಾಬೀತಾಗದೆ ಪತ್ರ ಸ್ಪ್ಯಾಮಿಗೆ ಬೀಳುತ್ತದೆ. ಅದಕ್ಕೆ ನಮ್ಮದೇ ಡೊಮೇನ್ ಬೇಕು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು. ಆಮೇಲೆ ಮೂರು ದಾಖಲೆ ಹಾಕಬೇಕು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ನಮ್ಮ ಹೆಸರಿನಲ್ಲಿ ಅಂಚೆಗೆ ಹಾಕಲು ಯಾರ್ಯಾರಿಗೆ ಅಧಿಕಾರ ಕೊಟ್ಟಿದ್ದೇವೆ ಎಂಬ ಪಟ್ಟಿ ಮೊದಲನೆಯದು. ಎರಡನೆಯದು ಪತ್ರಕ್ಕೆ ಒತ್ತಿದ ಮುದ್ರೆ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಮುದ್ರೆ ಒಡೆಯುತ್ತದೆ. ಮೂರನೆಯದು, ಇವೆರಡೂ ಹೊಂದದ ಪತ್ರ ನಮ್ಮ ಹೆಸರಿನಲ್ಲಿ ಬಂದರೆ ಏನು ಮಾಡಬೇಕೆಂದು ಪತ್ರ ಮುಟ್ಟುವ ಕಡೆಯ ಅಂಚೆಯವರಿಗೆ ನಾವು ಬರೆದಿಟ್ಟ ಸೂಚನೆ. ಇದನ್ನು ಹಂತಹಂತವಾಗಿ ತೋರಿಸಿಕೊಡುವ, ಸರಿಯಾಯಿತೇ ಎಂದು ಪರೀಕ್ಷಿಸಿ ಹೇಳುವ ಸೇವೆ ಒಳ್ಳೆಯದು. ಇನ್ನೊಂದು ಮಾತು ನಮ್ಮ ಓರಗಿತ್ತಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಸಣ್ಣವರ ಪತ್ರಗಳೆಲ್ಲ ಸೇವೆಯವರ ಒಂದೇ ಸರ್ವರಿನಿಂದ, ಬೇರೆ ನೂರಾರು ಜನರ ಪತ್ರಗಳ ಜೊತೆ ಹೋಗುತ್ತವೆ. ಅವರಲ್ಲಿ ಒಬ್ಬರು ಕೊಂಡ ಪಟ್ಟಿಗೆ ಬರೆದು ಹೆಸರು ಕೆಡಿಸಿಕೊಂಡರೆ ಎಲ್ಲರಿಗೂ ತಟ್ಟುತ್ತದೆ ಎಂದೆ. "ಒಂದು ಕೊಳೆತ ಮಿಡಿ ಭರಣಿಯನ್ನೇ ಕೆಡಿಸಿದ ಹಾಗೆ" ಎಂದರು. ಆದ್ದರಿಂದಲೇ, ಪಟ್ಟಿ ಎಲ್ಲಿಂದ ಬಂತು ಎಂದು ನಮ್ಮನ್ನು ಕೆದಕಿ ಕೇಳುವ, ಮೊದಲ ಪತ್ರವನ್ನು ತಡೆದು ನೋಡುವ ಸೇವೆಯ ಮೇಲೆ ಸಿಟ್ಟಾಗಬಾರದು. ಅವರು ಭರಣಿ ಕಾಯುತ್ತಿದ್ದಾರೆ.

ಕನ್ನಡದ ವಿಷಯಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ. ಮೊದಲ ಪತ್ರವನ್ನು ಹಳೆಯ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದಿಟ್ಟಿದ್ದೆ. ಅದನ್ನು ಹಾಗೇ ತಂದು ಅಂಟಿಸಿದಾಗ ‘ಮಿಡಿ’ಯೂ ಇಲ್ಲ, ‘ಬಂದಿದೆ’ಯೂ ಇಲ್ಲ, ಇಂಗ್ಲಿಷ್ ಅಕ್ಷರಗಳ ಗೊಂಚಲು. ಯೂನಿಕೋಡಿಗೆ ಬದಲಿಸಿದ ಮೇಲೆ ಅಕ್ಷರ ಸರಿಯಾಯಿತು. ಆದರೆ ಒಂದು ಸೇವೆಯ ಮಾದರಿಯಲ್ಲಿ ದೊಡ್ಡ ಶೀರ್ಷಿಕೆ ಬರೆದಾಗ ಒತ್ತಕ್ಷರದ ಕಾಲು ಕತ್ತರಿಸಿಹೋಯಿತು. ‘ಅಪ್ಪೆ’ ಎಂದು ಬರೆದದ್ದು ಫೋನಿನಲ್ಲಿ ‘ಅಪೆ’ ಎಂದು ಕಾಣಿಸಿತು. ಇಂಗ್ಲಿಷಿನ ಅಕ್ಷರದ ಎತ್ತರ ನೋಡಿ ಸಾಲಿನ ಅಂತರ ಕೂರಿಸಿದವರಿಗೆ, ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂತುಕೊಳ್ಳುವ ಭಾಷೆ ಇದೆ ಎಂಬುದು ನೆನಪಾಗಿರಲಿಲ್ಲ. ಸಾಲಿನ ಅಂತರವನ್ನು ನಾವೇ ಹೆಚ್ಚಿಸಿಕೊಳ್ಳಲು ಬಿಡದ ಸೇವೆ ಕನ್ನಡದ ವ್ಯಾಪಾರಕ್ಕೆ ಹೊಂದುವುದಿಲ್ಲ. ವಿಷಯದ ಸಾಲಿನಲ್ಲಿ ಕನ್ನಡ, ಕೆಳಗಿನ ಬಿಡುವ ಬಾಗಿಲಿನ ಮಾತು ಕನ್ನಡ, ಒತ್ತಿದ ಮೇಲೆ ತೆರೆಯುವ ಪುಟವೂ ಕನ್ನಡದಲ್ಲಿರಲು ಸಾಧ್ಯವೇ ಎಂದು ಒಂದೊಂದನ್ನೂ ನೋಡಬೇಕು. ಇನ್ನೊಂದು ಸೂಕ್ಷ್ಮವಿದೆ. ಕಂಪ್ಯೂಟರಿನೊಳಗೆ ಕನ್ನಡದ ಒಂದೊಂದು ಚಿಹ್ನೆ ಮೂರು ಬೈಟ್ ಜಾಗ ಹಿಡಿಯುತ್ತದೆ, ಇಂಗ್ಲಿಷಿನದು ಒಂದೇ. ಪತ್ರದ ಗಾತ್ರ 102 ಕಿಲೋಬೈಟ್ ದಾಟಿದರೆ ಜಿಮೇಲ್ ಅದರ ಬಾಲ ಕತ್ತರಿಸಿ ಮಡಚಿಡುತ್ತದೆ. ಬಾಲದಲ್ಲೇ ಇರುವುದು ಬಿಡುವ ಬಾಗಿಲು ಮತ್ತು ನಮ್ಮ ವಿಳಾಸ. ಅಲಂಕಾರದ ಮಾದರಿಗಳೇ ಗಾತ್ರ ಹೆಚ್ಚಿಸುತ್ತವೆ ಎಂದು ಗೊತ್ತಾದ ಮೇಲೆ ಅವನ್ನೆಲ್ಲ ಬಿಟ್ಟು, ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ, ಮಿಡಿಯ ಒಂದು ಫೋಟೋ, ಅಷ್ಟನ್ನೇ ಇಟ್ಟೆ.

ಪತ್ರವನ್ನು ಯಾರು ತೆರೆದರು ಎಂದು ತೋರಿಸುವ ಲೆಕ್ಕ ಎಲ್ಲ ಸೇವೆಗಳಲ್ಲೂ ಇದೆ, ಅವರ ಜಾಹೀರಾತಿನಲ್ಲಿ ಅದೇ ಮುಂದೆ. ಕಣ್ಣಿಗೆ ಕಾಣದ ಒಂದು ಚುಕ್ಕಿಯಷ್ಟು ಚಿತ್ರವನ್ನು ಪತ್ರದಲ್ಲಿ ಇಟ್ಟಿರುತ್ತಾರೆ. ಓದುವವರು ತೆರೆದಾಗ ಆ ಚಿತ್ರ ಇಳಿದು ಇಲ್ಲಿಗೆ ಸುದ್ದಿ ಮುಟ್ಟುತ್ತದೆ. 2021ರ ಸೆಪ್ಟೆಂಬರಿನಿಂದ ಆಪಲ್ ಫೋನಿನ ಮೇಲ್ ಇಂಥ ಚಿತ್ರಗಳನ್ನು, ಓದುವವರು ತೆರೆಯಲಿ ಬಿಡಲಿ, ತಾನೇ ಮೊದಲು ಇಳಿಸಿಕೊಳ್ಳುವ ಏರ್ಪಾಟು ಮಾಡಿದ್ದರಿಂದ ಆ ಲೆಕ್ಕವನ್ನು ಈಗ ನಂಬುವಂತಿಲ್ಲ. ಲೆಕ್ಕ ಸರಿ ಇದ್ದರೂ ನನಗದು ಬೇಕಿರಲಿಲ್ಲ. ಕಾರ್ಡು ಬರೆದ ಮೇಲೆ ಅತ್ತೆ ಯಾರ ಮನೆಯ ಕಿಟಕಿಯಲ್ಲೂ ಇಣುಕಿದವರಲ್ಲ. ಉತ್ತರ ಬಂದರೆ ಓದುತ್ತಿದ್ದರು. ಎರಡು ವರ್ಷ ಬರದಿದ್ದರೆ ಹೆಸರಿನ ಮುಂದೆ ಒಂದು ಸಣ್ಣ ಗೆರೆ ಎಳೆದು ಬರೆಯುವುದನ್ನು ನಿಲ್ಲಿಸುತ್ತಿದ್ದರು. ಹಾಗಾಗಿ ಆ ಎಣಿಕೆಯನ್ನು ನಿಲ್ಲಿಸಿಡಲು ಬಿಡುವ ಸೇವೆ ಬೇಕೆಂದು ಹಾಳೆಯಲ್ಲಿ ಬರೆದುಕೊಂಡೆ. ಉತ್ತರ ಬರೆಯಬೇಡಿ ಎಂಬ ಅರ್ಥದ ವಿಳಾಸದಿಂದ ಪತ್ರ ಕಳಿಸುವುದು ನಮಗೆ ಆಗದ ಮಾತು. ನಮ್ಮ ವ್ಯಾಪಾರ ಬೆಳೆದದ್ದೇ ಉತ್ತರಗಳಿಂದ.

ಕೊನೆಗೆ ಉಳಿದದ್ದು ಅಂಚಿನ ಗೆರೆಯಾಚೆಯ ಪೆನ್ಸಿಲ್ ಮಾತು. ಹೆಸರಿಗೆ ಟ್ಯಾಗ್ ಹಚ್ಚುವುದು, ಆ ಟ್ಯಾಗ್ ಇದ್ದವರನ್ನು ಬಿಟ್ಟು ಉಳಿದವರಿಗೆ ಕಳಿಸುವುದು ಈಗ ಬಹುಪಾಲು ಸೇವೆಗಳಲ್ಲಿದೆ. ಹುಟ್ಟುಹಬ್ಬಕ್ಕೆ ತಾನಾಗಿ ಶುಭಾಶಯ ಕಳಿಸುವ, ಅರ್ಧಕ್ಕೆ ಕೊಳ್ಳದೆ ಬಿಟ್ಟವರನ್ನು ಮತ್ತೆ ಕರೆಯುವ ಏರ್ಪಾಟುಗಳೂ ಇವೆ. ಅವು ನನಗೆ ಬೇಡ. ಒಬ್ಬರನ್ನು ಪಟ್ಟಿಯಿಂದ ತೆಗೆಯದೆಯೇ ಒಂದು ವರ್ಷ ಸುಮ್ಮನಿರಲು ಬಂದರೆ ಸಾಕು. ‘ಈ ವರ್ಷ ಬೇಡ’ ಎಂಬ ಟ್ಯಾಗ್ ಮಾಡಿದೆ, ಕನ್ನಡದಲ್ಲೇ. ಪುಸ್ತಕದ ಗುರುತುಗಳನ್ನೆಲ್ಲ ಒಂದೊಂದಾಗಿ ಏರಿಸಲು ಮೂರು ಮಧ್ಯಾಹ್ನ ಹಿಡಿಯಿತು. ನಾನು ಓದುತ್ತ ಒತ್ತುತ್ತ ಹೋದಂತೆ ಓರಗಿತ್ತಿ ಪಕ್ಕದಲ್ಲಿ ಕೂತು ಯಾರ ಮನೆ ಯಾವುದೆಂದು ನೆನಪು ಮಾಡಿಕೊಡುತ್ತಿದ್ದರು. ಇಷ್ಟೆಲ್ಲ ಸೋಸಿದ ಮೇಲೆ ಹಾಳೆಯಲ್ಲಿ ಎರಡು ಹೆಸರು ಉಳಿದಿದ್ದವು. ಹೋದ ಪತ್ರವನ್ನು ಎಣಿಸುವ ಬ್ರೆವೋವನ್ನು ಆರಿಸಿಕೊಂಡೆವು. ನಾವು ಸೇರಿದಾಗ ಅದರ ಉಚಿತ ಖಾತೆಯಲ್ಲಿ ದಿನಕ್ಕೆ 300 ಪತ್ರದ ಮಿತಿ ಇತ್ತು. ಮಗಳು ಹಣ ಕೊಟ್ಟು ಮಿತಿ ಏರಿಸೋಣ ಎಂದಳು. ಲೆಕ್ಕ ಹಾಕಿ ನೋಡಿದರೆ ಮಿತಿಯೇ ನಮಗೆ ಅನುಕೂಲ: 1,140 ಮನೆಗೆ ನಾಲ್ಕು ದಿನ. ಮಿಡಿಯೂ ಒಂದೇ ದಿನ ಬರುವುದಿಲ್ಲ, ಮರದಿಂದ ಮರಕ್ಕೆ ದಿನ ಹೋಗುತ್ತದೆ. ಒಂದೇ ದಿನ ಸಾವಿರ ಪತ್ರ ಹೋಗಿ ಒಂದೇ ದಿನ ನಾನೂರು ಉತ್ತರ ಬಂದರೆ, ಎಲ್ಲಕ್ಕೂ ಮನಸ್ಸಿಟ್ಟು ಬರೆಯುವವರಾರು? ನಾಲ್ಕನೆಯ ದಿನದವರಿಗೆ ಜೀರಿಗೆ ಮಿಡಿ ಮುಗಿದುಹೋಗಬಹುದಲ್ಲ ಎಂದು ಓರಗಿತ್ತಿ ಕೇಳಿದ್ದರಿಂದ ಸರದಿ ಮಾಡಿದ್ದೇವೆ. ಈ ವರ್ಷ ಕೊನೆಗೆ ನಿಂತವರು ಮುಂದಿನ ವರ್ಷ ಮೊದಲು.

ಹೋದ ವರ್ಷ ಮಾಘದಲ್ಲಿ ಮೊದಲ ಕಂತು ಕಳಿಸಲು ಕೂತಾಗ ‘ಈ ವರ್ಷ ಬೇಡ’ ಟ್ಯಾಗಿನ ಒಂಬತ್ತು ಹೆಸರುಗಳನ್ನು ತೆರೆದು ನೋಡಿದೆವು. ಅದರಲ್ಲೊಬ್ಬರು ನ್ಯೂಜೆರ್ಸಿಯ ಮಗಳು. ಅವರ ತಾಯಿ ಮೈಸೂರಿನಲ್ಲಿದ್ದರು, ಅತ್ತೆಯ ಪುಸ್ತಕದ ಮೂರನೆಯ ಪುಟದವರು. ಮೂವತ್ತು ವರ್ಷ ತಪ್ಪದೆ ಒಂದು ಕೆಜಿ ತರಿಸಿ, ಅರ್ಧ ಮಗಳಿಗೆ ಕಳಿಸುತ್ತಿದ್ದರು. ಅವರು ತೀರಿಕೊಂಡ ಸುದ್ದಿಯನ್ನು ಮಗಳೇ ನಮ್ಮ ಹಿಂದಿನ ಪತ್ರಕ್ಕೆ ಉತ್ತರವಾಗಿ ಬರೆದಿದ್ದರು. ತಿಥಿ ಎಣಿಸಿ ನೋಡಿದರೆ ವರ್ಷಾಂತಿಕ ಕಳೆದು ಹತ್ತು ದಿನವಾಗಿತ್ತು. ಟ್ಯಾಗ್ ತೆಗೆಯಲೇ ಎಂದು ಕೇಳಿದೆ.

"ತೆಗಿ. ಆದ್ರೆ ಎಲ್ಲರ ಜೊತೆ ಬೇಡ. ಅವರಿಗೆ ನೀನೇ ಬರಿ" ಎಂದರು ಓರಗಿತ್ತಿ.

ನಾನೇ ಬರೆದೆ. ಮೊದಲ ಸಾಲು ‘ಮಿಡಿ ಬಂದಿದೆ.’ ಎರಡನೆಯ ಸಾಲಿನಿಂದ ಅವರ ಅಮ್ಮನ ಮಾತು. ರಾತ್ರಿ ಮಲಗುವ ಹೊತ್ತಿಗೆ, ಅಲ್ಲಿ ಬೆಳಗಾದ ಮೇಲೆ, ಉತ್ತರ ಬಂತು: ಈ ಸಲ ಅರ್ಧ ಕೆಜಿ ಸಾಕು, ಜೀರಿಗೆ ಮಿಡಿಯದೇ ಇರಲಿ, ಅಮ್ಮನಿಗೆ ಹಾಕುತ್ತಿದ್ದಷ್ಟೇ ಖಾರ.